ನೀಲವ್ವನ ಸೀರೆಯ ಟ್ಯಾಗ್

ಕೊರೊನಾ ಬರುವುದಕ್ಕೆ ಹಿಂದಿನ ವರ್ಷದ ಮಾತು. ಬಾಗಲಕೋಟೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತನಾಗಿದ್ದ ನನ್ನನ್ನು ಇಳಕಲ್ಲಿನ ಒಂದು ನೇಕಾರರ ಸಂಘದವರು ಕರೆಸಿಕೊಂಡರು. ಪವರ್‌ಲೂಮಿನ ಸೀರೆಗಳು ಕೈಮಗ್ಗದ ಹೆಸರಿನಲ್ಲಿ ಮಾರಾಟವಾಗುತ್ತಿದ್ದವು. ಅದನ್ನು ತಡೆಯಲು ಸಂಘದ ಪ್ರತಿ ಸೀರೆಗೂ ರೇಡಿಯೋ ಟ್ಯಾಗ್ ಹಾಕಿಸುವುದು ನನ್ನ ಕೆಲಸ.

ಟ್ಯಾಗ್ ಎಂದರೆ ಬೆರಳಗಲದ ಬಟ್ಟೆಪಟ್ಟಿ. ಅದರೊಳಗೆ ಎಳ್ಳುಕಾಳಿನಷ್ಟು ಚಿಪ್, ಸುತ್ತ ತೆಳುವಾದ ತಂತಿ. ಬ್ಯಾಟರಿ ಇಲ್ಲ. ಫೋನನ್ನು ಹತ್ತಿರ ಹಿಡಿದರೆ ಅದರ ರೇಡಿಯೋ ಅಲೆಯಿಂದಲೇ ಚಿಪ್ಪಿಗೆ ಜೀವ ಬಂದು, ನೇಯ್ದವರ ಹೆಸರು ಪರದೆಯ ಮೇಲೆ ಮೂಡುತ್ತದೆ. ಒಮ್ಮೆ ಬರೆದು ಲಾಕ್ ಮಾಡಿದರೆ ಯಾರಪ್ಪನಿಗೂ ತಿದ್ದಲಾಗದು. ಆ ಲಾಕಿನ ಬಗ್ಗೆ ನನಗೆ ಎಲ್ಲಿಲ್ಲದ ಹೆಮ್ಮೆ. ಹೆಸರುಗಳನ್ನು ಮಾತ್ರ ಸಂಘದ ಮಗ್ಗಗಳ ಪಟ್ಟಿಯಿಂದ ಕುಳಿತಲ್ಲೇ ಎತ್ತಿಕೊಂಡಿದ್ದೆ. ಪಟ್ಟಿಯ ತುಂಬ ಗಂಡಸರ ಹೆಸರೇ ಇತ್ತು. ಅದು ನನಗೆ ವಿಚಿತ್ರವೆನಿಸಲೂ ಇಲ್ಲ.

ಒಂದು ಮಧ್ಯಾಹ್ನ ನೀಲವ್ವ ಎಂಬ ಹೆಂಗಸು ಹಸಿರು ಸೀರೆಯೊಂದನ್ನು ಎದೆಗವಚಿಕೊಂಡು ಸಂಘದ ಕಚೇರಿಗೆ ಬಂದರು. ಕಮತಗಿಗೆ ಕೊಟ್ಟ ಮಗಳು ಚೊಚ್ಚಲ ಬಸುರಿ. ಅವಳ ಕುಬಸಕ್ಕೆ, ಅಂದರೆ ಸೀಮಂತಕ್ಕೆಂದು, ತಾವೇ ನೇಯ್ದ ಸೀರೆ ಅದು. ಅದರ ಅಂಚಿಗೆ ಆಗಲೇ ಹೊಲಿದಿದ್ದ ಟ್ಯಾಗಿಗೆ ನಾನು ಫೋನ್ ಹಿಡಿದೆ. ಪರದೆಯ ಮೇಲೆ ಅವರ ಗಂಡ ಸಂಗಪ್ಪನ ಹೆಸರು ಬಂತು.

“ಸರ, ಇದನ್ನ ನೇದಾಕಿ ನಾ ಅದೀನ್ರಿ. ನಮ್ಮ ಮನಿಯವರ ಕಣ್ಣು ಹೋಗಿ ಮೂರು ವರ್ಷ ಆತು. ಮಗಳು ಫೋನ್ ಹಿಡದ್ರ ನನ್ನ ಹೆಸರು ಬರಬೇಕ್ರಿ.”

ಲಾಕ್ ಆದದ್ದನ್ನು ತಿದ್ದಲಾಗದು, ಹೊಸ ಟ್ಯಾಗ್ ಬೇಕೆಂದರೆ ಅರ್ಜಿ ಕೊಡಬೇಕು, ಸಂಘದ ಸಭೆ ಒಪ್ಪಬೇಕು ಎಂದು ಮೇಷ್ಟರ ಗತ್ತಿನಲ್ಲಿ ವಿವರಿಸಿದೆ. ಮುಂದಿನ ಸೀರೆಗೆ ನಿಮ್ಮ ಹೆಸರೇ ಹಾಕೋಣ ಎಂದೂ ಸಮಾಧಾನ ಹೇಳಿದೆ. ಮುಂದಿನದು ನೇಯುವುದು ಆಗುತ್ತದೋ ಇಲ್ಲವೋ ಎಂದರು. ಎಲ್ಲರೂ ಆಡುವ ಮಾತು ಅದು ಎಂದುಕೊಂಡೆ. ಅವರು ಬಾಗಲಕೋಟೆಯ ದವಾಖಾನೆಗೆ ಓಡಾಡುತ್ತಿದ್ದುದು ನನಗೆ ಗೊತ್ತಿರಲಿಲ್ಲ. ನಾನು ಕೇಳಲೂ ಇಲ್ಲ. ಅಲ್ಲೇ ಕುಳಿತು ಗುಮಾಸ್ತನಿಂದ ಅರ್ಜಿ ಬರೆಸಿ, ಹೆಬ್ಬೆಟ್ಟು ಒತ್ತಿ ಹೋದರು.

ಸಭೆ ಸೇರಿ ಒಪ್ಪಿಗೆ ಸಿಗಲು ನಾಲ್ಕು ತಿಂಗಳು ಹಿಡಿಯಿತು. ಹೊಸ ಟ್ಯಾಗ್ ಹಿಡಿದು ಅವರ ಮನೆ ಹುಡುಕಿಕೊಂಡು ಹೋದೆ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದ ಮೇಲೆ ಹಳೆಯ ಜಮಖಾನ ಹೊದಿಸಿತ್ತು. ಪಡಸಾಲೆಯಲ್ಲಿ ಮಗಳು ಕೂಸಿಗೆ ಹಾಲೂಡಿಸುತ್ತಿದ್ದಳು. ನೀಲವ್ವ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಅವರು ಮೊಮ್ಮಗಳ ಮುಖವನ್ನೂ ನೋಡಲಿಲ್ಲ.

ಬಂದ ಕಾರಣ ಹೇಳಿದಾಗ ಸಂಗಪ್ಪ ಸೀರೆ ತರಿಸಿದರು. ಅಂಚನ್ನು ಸವರುತ್ತ ಹೋಗಿ, ಹಳೆಯ ಟ್ಯಾಗನ್ನು ಹೆಬ್ಬೆರಳಿನಿಂದಲೇ ಹುಡುಕಿ, ಬಿಚ್ಚು ಎಂದರು. ಮಗಳು ಹೊಲಿಗೆ ಬಿಚ್ಚಿ ಹೊಸದನ್ನು ಹೊಲಿದಳು. ಫೋನ್ ಹಿಡಿದು ಓದಿದಳು: “ನೇಯ್ದವರು, ನೀಲವ್ವ.”

“ಇನ್ನೊಮ್ಮೆ ಓದವ್ವಾ.”

ಓದಿದಳು. ಸಂಗಪ್ಪ ಮಗ್ಗದ ಕಡೆ ಮುಖ ತಿರುಗಿಸಿದರು.

“ಆಕಿ ಹೆಸರು ಬರೀರಿ ಅಂತ ಸಂಘದಾಗ ನಾನ ಹೇಳಬೇಕಿತ್ತು. ಆಕಿ ನೇದದ್ದಕ್ಕ ಮಂದಿ ನನ್ನ ಹೊಗಳಿದ್ರು, ಸುಮ್ನ ಕೇಳ್ಕೊಂತ ಕುಂತೆ.”

ತಪ್ಪು ಅವರೊಬ್ಬರದೇ ಆಗಿರಲಿಲ್ಲ. ಆಮೇಲೆ ನಾನು ಕ್ರಮವನ್ನೇ ಬದಲಿಸಿದೆ. ಮಗ್ಗದ ಹತ್ತಿರ ಹೋಗಿ, ಕುಣಿಯಲ್ಲಿ ಕಾಲಿಟ್ಟವರು ಯಾರೆಂದು ಕೇಳಿ, ಬರೆದ ಹೆಸರನ್ನು ಅವರೆದುರೇ ಓದಿ ಹೇಳಿದ ಮೇಲಷ್ಟೇ ಲಾಕ್. ಇದಕ್ಕೆ ಸಭೆಯ ಒಪ್ಪಿಗೆ ಬೇಕೆಂದು ಯಾರೂ ಅನ್ನಲಿಲ್ಲ. ಜನ ಬದುಕಿದ್ದಾಗಲೇ ಅವರ ಹೆಸರು ಬರೆಯಬೇಕು ಎಂಬುದನ್ನು ನಲವತ್ತು ವರ್ಷ ಪಾಠ ಹೇಳಿದ ನಾನು ಕಲಿತದ್ದು ಅಲ್ಲಿ.

ಹೊಸ ಟ್ಯಾಗ್ ಬರೆಯಲು ಎರಡು ನಿಮಿಷ ಸಾಕು. ನೀಲವ್ವ ಕಚೇರಿಗೆ ಬಂದ ದಿನ ನನ್ನ ಚೀಲದಲ್ಲಿ ಖಾಲಿ ಟ್ಯಾಗುಗಳ ಇಡೀ ಸುರುಳಿಯೇ ಇತ್ತು.