ನಡುದನಿ ಹಿಡಿದ ಮುರ್ತುಜಾ ಮಾಸ್ತರರು

ಖ್ಯಾಲಿಗೂ ವಚನಗಾಯನಕ್ಕೂ ಹೆಸರಾದ ಗದಗ ಸೀಮೆಯಲ್ಲಿ, ಪಿಟೀಲು, ವಿಯೋಲ, ಚೆಲ್ಲೋ ಎಂಬ ಮೂರು ತಂತಿವಾದ್ಯಗಳ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಇಪ್ಪತ್ತೊಂದು ವರ್ಷ ನುಡಿಸಿ, ಅದನ್ನು ಕೇಳುವ ಕಿವಿಗಳನ್ನೂ ಬೆಳೆಸಿದವರು, ಶಿರಹಟ್ಟಿಯ ಪ್ರೌಢಶಾಲೆಯಿಂದ ಈಗ ನಿವೃತ್ತರಾದ ಸಂಗೀತ ಶಿಕ್ಷಕ ಶ್ರೀ ಮುರ್ತುಜಾ ನದಾಫ ಅವರು. ಪಿಟೀಲಿಗಿಂತ ತುಸು ದೊಡ್ಡದಾದ, ದನಿಯಲ್ಲಿ ತುಸು ತಗ್ಗಾದ ವಿಯೋಲ ಅವರದು. ಮುಂದಾಳ್ತನ ಪಿಟೀಲಿಗೆ, ತಳಪಾಯ ಇನ್ನೂ ತಗ್ಗುದನಿಯ ಚೆಲ್ಲೋಗೆ. ನಡುವೆ ನಿಂತು ಎರಡನ್ನೂ ಹಿಡಿದವರು ಮಾಸ್ತರರು.

ಲಕ್ಷ್ಮೇಶ್ವರದಲ್ಲಿ ಅವರ ತಂದೆ ಅಬ್ದುಲಗನಿಯವರು ಅರಳೆ ಹಿಂಜುತ್ತಿದ್ದರು. ಹಿಂಜುವ ಬಿಲ್ಲಿನ ನರದ ತಂತಿ ಗುಂಯ್ ಎನ್ನುವುದನ್ನು ಕೇಳುತ್ತಲೇ ತೊಟ್ಟಿಲಲ್ಲಿ ನಿದ್ದೆಹೋದ ಕೂಸು, ಮುಂದೆ ಮುಂಬಯಿಯ ವಾದ್ಯವೃಂದವೊಂದರಲ್ಲಿ ವಿಯೋಲದ ದನಿ ಕೇಳಿದಾಗ, ಇದು ನಮ್ಮ ಪಡಸಾಲೆಯದೇ ಎಂದು ಗುರುತು ಹಿಡಿಯಿತಂತೆ. ಅಲ್ಲೇ ಅದನ್ನು ಕಲಿತು ಊರಿಗೆ ಮರಳಿದ ಮೇಲೆ ಬೆಟಗೇರಿಯ ನೇಕಾರ, ಭಜನಾ ಮೇಳದ ಪಿಟೀಲುಗಾರ ಅಂದಪ್ಪನವರೂ, ಚೆಲ್ಲೋ ಕಲಿತಿದ್ದ ಮುಂಡರಗಿಯ ಮಮತಾ ಅವರೂ ಜೊತೆಯಾದರು. ರವಿವಾರ ಅಂದಪ್ಪನವರ ಮಗ್ಗ ನಿಂತಿತೆಂದರೆ ಮೂವರ ತಾಲೀಮು ಶುರು.

ಮೊದಲ ಕಛೇರಿ ಮುಂಡರಗಿಯಲ್ಲಿ. ವಿಯೋಲ ಒಂದು ಸಾಲು ನುಡಿಸಿ ಎರಡು ಮಾತ್ರೆ ಸುಮ್ಮನಿರಬೇಕು. ಆಗ ಮೂವರದೂ ಮೌನ. ಆದರೆ ಭಜನೆಯಲ್ಲಿ ಹಾಡುವವರು ಉಸಿರು ತೆಗೆದುಕೊಂಡಾಗಲೆಲ್ಲ ಆ ಜಾಗ ತುಂಬಿ ಬೆಳೆದ ಕೈ ಅಂದಪ್ಪನವರದು. ಅವರು ವಿಯೋಲದ ಸಾಲನ್ನೇ ಮರಳಿ ನುಡಿಸಿದರು, ಮಮತಾ ಗಲಿಬಿಲಿಗೊಂಡು ಸಾಲಿನ ಮೊದಲಿಗೆ ಮರಳಿದರು. ಮೂವರೂ ಗಾಣದ ಎತ್ತಿನಂತೆ ಅಲ್ಲಲ್ಲೇ ನಾಲ್ಕು ಸುತ್ತು ತಿರುಗಿದರು. ಜನ ಅದೇ ಸೊಗಸೆಂದು ಚಪ್ಪಾಳೆ ತಟ್ಟಿದರು!

“ಸುಮ್ನ ಬಿಟ್ರ ಹಾಡೋರಿಗೆ ಅವಮಾನ ಅಂತ ಕಲಿಸ್ಯಾರ್ರಿ ನಮಗ,” ಎಂದು ಅಂದಪ್ಪನವರು ತಲೆ ತಗ್ಗಿಸಿದರು.

ಮಾಸ್ತರರು ಬೈಯಲಿಲ್ಲ. “ಅಂದಪ್ಪಣ್ಣ, ಆ ಜಾಗಾ ಖಾಲಿ ಇಲ್ಲೋ ಮಾರಾಯ. ಅಲ್ಲಿ ದೇವ್ರು ಕುಂತಿರ್ತಾನ. ಹೋಗಿ ಅವನ ತೊಡಿ ಮ್ಯಾಲ ಕುಂಡ್ರಬ್ಯಾಡ!”

ಅಂದಿನಿಂದ ಮೌನವನ್ನು ಎಣಿಸುವ ಹೊಸ ಪದ್ಧತಿ ಬಂತು. ಅಂದಪ್ಪನವರು ತುಟಿಯಲ್ಲೇ ಎರಡು ಸಲ ಶಿವಾ ಎನ್ನುವರು, ಮಾಸ್ತರರು ಎರಡು ಸಲ ಅಲ್ಲಾ ಎನ್ನುವರು. ಮಮತಾ ಇಬ್ಬರ ತುಟಿ ನೋಡಿ ಕಮಾನು ಎತ್ತುವರು.

ಹೋದ ವರ್ಷ ಮಾಸ್ತರರ ಎಡಗೈ ಕಿರುಬೆರಳು ಬಿಗಿದುಕೊಂಡಿತು. ಬೆರಳಿನ ನೋವಿಗಿಂತ ಅವರನ್ನು ಕಾಡಿದ್ದು ಬೇರೆ: ಶಿಷ್ಯರಿಗೆಲ್ಲ ಪಿಟೀಲೇ ಬೇಕು, ಯಾರೂ ಶಭಾಷ್ ಎನ್ನದ ನಡುದನಿಗೆ ಒಬ್ಬರೂ ದಿಕ್ಕಿಲ್ಲದಿದ್ದರೆ ಮೂವರ ಸಂಗೀತ ತಮ್ಮೊಂದಿಗೇ ಮುಗಿಯುತ್ತದೆ. ಅಡರಕಟ್ಟಿಯ ಹಳೆಯ ಶಿಷ್ಯೆ, ಪಿಟೀಲು ಬಲ್ಲ ಮೆಹನಾಜಳನ್ನು ಕರೆಸಿ ವಿಯೋಲ ಕೈಗಿತ್ತರು.

“ಇದರಾಗ ಹಾಡ ಇಲ್ಲಲ್ರಿ ಸರ್, ಬರೇ ಹೂಂಗುಟ್ಟೂದು,” ಎಂದಳು ಅವಳು.

“ಕತಿ ಹೇಳಾವ್ರು ಊರಾಗ ರಗಡ ಮಂದಿ ಅದಾರವ್ವ. ಹೂಂಗುಟ್ಟಾವ್ರು ಇಲ್ದಿದ್ರ ಕತಿ ಮುಂದ ಹೋಕ್ಕೈತೇನು?”

ಆಕೆ ನಕ್ಕಳು, ವಾದ್ಯವನ್ನು ಮಾತ್ರ ಹಿಂದಿರುಗಿಸಲಿಲ್ಲ.

ಕಳೆದ ತಿಂಗಳ ಬೀಳ್ಕೊಡುಗೆಯಲ್ಲಿ ಮಾಸ್ತರರು ಮೊದಲ ಸಲ ಕೇಳುಗರ ಸಾಲಿನಲ್ಲಿ ಕುಳಿತರು. ಮುಂಡರಗಿಯಲ್ಲಿ ಎಡವಿದ ಅದೇ ರಚನೆ. ಮೆಹನಾಜಳ ಸಾಲು ಮುಗಿಯಿತು. ಅಂದಪ್ಪನವರ ಕಮಾನು ಗಾಳಿಯಲ್ಲಿ ನಿಂತಿತು, ತುಟಿ ಎರಡು ಸಲ ಅಲುಗಿತು. ಬಿಗಿದ ಬೆರಳು ಮಾಸ್ತರರ ಮೊಣಕಾಲ ಮೇಲೆ ತಾನಾಗಿ ಎರಡು ಎಣಿಸಿತು. ಮೂರನೆಯ ಮಾತ್ರೆಗೆ ವಿಯೋಲ, ಕರೆಯದೆಯೇ ಬಂದ ಮನೆಮಗಳಂತೆ ಒಳಗೆ ಬಂತು.

ಮುಗಿದ ಮೇಲೆ ಅಂದಪ್ಪನವರು ಓಡಿ ಬಂದು, “ಹೆಂಗಾತ್ರಿ ಮಾಸ್ತರ? ನಾ ತೊಡಿ ಮ್ಯಾಲ ಕುಂಡ್ರಲಿಲ್ಲ, ನೋಡ್ರಿ!” ಎಂದರು.

ಮಾಸ್ತರರು ಕಣ್ಣೊರೆಸಿಕೊಂಡರು. “ಖರೆ ಅಂದಪ್ಪಣ್ಣ. ಇವತ್ತ ಅವನ ಮಗ್ಗಲಕ ನನಗೂ ಒಂಚೂರು ಜಾಗಾ ಸಿಕ್ತು.”

ಬೆಟಗೇರಿಯ ರವಿವಾರಗಳು ಇನ್ನೂ ಅವರಿಗಾಗಿ ಕಾದಿವೆ. ಕಲಿಸುವುದು, ಕೇಳುವುದು, ತಿದ್ದುವುದು ಅವರಿಂದ ನಡೆಯುತ್ತಲೇ ಇರಲಿ. ಎರಡು ಹೆಸರುಗಳಲ್ಲಿ ಕರೆಸಿಕೊಂಡು ಬಂದ ಆ ಒಬ್ಬ ದೇವರು ನಮ್ಮ ಮಾಸ್ತರರಿಗೆ ನೂರು ವರ್ಷ ತುಂಬಿಸಲಿ. ತನ್ನ ಮಗ್ಗುಲಿಗೆ ಕರೆಯಲು ಅವಸರ ಮಾಡದಿರಲಿ.