ಬಿಳಿ ಮಚ್ಚೆಯ ಮನಿಪ್ಲಾಂಟ್

ಶಿರಾದ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ, ಕಿಟಕಿಯ ಪಕ್ಕ, ಬಿಳಿ ಮಚ್ಚೆಯ ಒಂದು ಮನಿಪ್ಲಾಂಟ್ ಇದೆ. ತಂದವಳು ನನ್ನ ಹೆಂಡತಿ. ಅದಕ್ಕೆ ಅವಳು ಮಾಡುತ್ತಿದ್ದ ಉಪಚಾರ ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಬೋರ್‌ವೆಲ್ ನೀರು ಹಾಕಿದರೆ ಎಲೆಯ ತುದಿ ಸುಡುತ್ತದಂತೆ, ಕ್ಯಾನಿನ ಫಿಲ್ಟರ್ ನೀರೇ ಆಗಬೇಕಂತೆ. "ಬೋರ್ ನೀರು ಕುಡಿದೇ ಬೆಳೆದವನು ನಾನು. ನನಗಿಲ್ಲದ ಮರ್ಯಾದೆ ಇದಕ್ಕೆ" ಅಂದರೆ, "ಕನ್ನಡೀಲಿ ನಿಮ್ಮ ಹಲ್ಲು ನೋಡ್ಕೊಳ್ಳಿ, ಬೋರ್ ನೀರಿನ ಮಹಿಮೆ ಗೊತ್ತಾಗುತ್ತೆ" ಅನ್ನುತ್ತಿದ್ದಳು.

ಪೂರ್ತಿ ಹಸಿರಾದ ಚಿಗುರು ಬಂದರೆ ಕತ್ತರಿಸಿ ಹಾಕುತ್ತಿದ್ದಳು. ಬಿಟ್ಟರೆ ಹಸಿರೇ ಜೋರಾಗಿ ಬೆಳೆದು ಬಿಳಿಯನ್ನು ನುಂಗಿಬಿಡುತ್ತದಂತೆ.

ಹೋದ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಜ್ವರ ಅಂತ ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ. ನಾನು ಅಳಲಿಲ್ಲ. ಬಂದವರೆಲ್ಲ "ಗಟ್ಟಿ ಮನುಷ್ಯ" ಅಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳುವ ಮೊದಲು ಸೂಜಿ ಹಾಕಿದ ದವಡೆಯ ಹಾಗಿದ್ದೆ. ಕಚೇರಿಗೆ ಹೋಗುತ್ತಿದ್ದೆ, ಬರುತ್ತಿದ್ದೆ, ಗಿಡಕ್ಕೆ ಒಂದು ಲೋಟ ಫಿಲ್ಟರ್ ನೀರು ಹಾಕುತ್ತಿದ್ದೆ. ಅವಳದ್ದು ಅಂತ ಇದೊಂದು ಉಳಿದರೆ ಸಾಕು ಅನ್ನುವುದನ್ನು ಬಿಟ್ಟರೆ ಬೇರೆ ಆಸೆ ಇರಲಿಲ್ಲ.

ನನ್ನ ಜೊತೆಗಿರಲು ಹುಲಿಕುಂಟೆ ಕಡೆಯಿಂದ ಅವ್ವ ಬಂದಳು. ಕುರಿ ಕಾದು ನನ್ನನ್ನು ಓದಿಸಿದವಳು. ಮಂದೆಯಲ್ಲಿ ಒಂದು ಕುರಿಗೆ ರೋಗ ಕಂಡರೆ, ಉಳಿದವಕ್ಕೆ ಹರಡದಂತೆ ಆ ಗಳಿಗೆಯೇ ಬೇರೆ ಮಾಡುವುದು ಅವಳ ಕೈಗೆ ಬಂದ ಅಭ್ಯಾಸ. ಗಿಡದಲ್ಲಿ ಬಿಳಿ ಮಚ್ಚೆ ಕಂಡಿದೆ. ನಾನು ಕಚೇರಿಗೆ ಹೋದಾಗ ದಿನಕ್ಕೆ ಒಂದೆರಡು ಎಲೆ ಚಿವುಟಿ ಆಚೆ ಎಸೆದಿದ್ದಾಳೆ. ದಿನಾ ಎದುರಿಗೆ ನಿಂತು ನೀರು ಹಾಕುವ ನನಗೆ ಗೊತ್ತೇ ಆಗಲಿಲ್ಲ. ಒಂದು ಭಾನುವಾರ ಅವಳೇ ಕರೆದು ತೋರಿಸಿದಳು.

"ನೋಡ್ಲಾ, ಹೆಂಗೆ ಹಸ್ರಾಗೈತೆ! ಎಂಥದೋ ರೋಗ ಬಿದ್ದಿತ್ತು ಕಣ್ಲಾ ಇದ್ಕೆ. ಒಂದೂ ಬುಡ್ದಂಗೆ ಕಿತ್ತಾಕ್ಬುಟ್ಟೆ. ಅವಳ್ನಂತೂ ಉಳಿಸ್ಕಳಕ್ಕಾಗ್ಲಿಲ್ಲ, ಅವಳ ಗಿಡನಾದ್ರೂ ಉಳೀಲಿ."

ಒಂದು ಬಿಳಿ ಚುಕ್ಕೆಯೂ ಇರಲಿಲ್ಲ. ಅಯ್ಯೋ ಅನ್ನಿಸಬೇಕಿತ್ತು, ಏನೂ ಅನ್ನಿಸಲಿಲ್ಲ. "ಚೆನ್ನಾಗೈತೆ ಕಣವ್ವ" ಅಂದು ಸ್ನಾನಕ್ಕೆ ಹೋದೆ.

ಮೂರು ವಾರ ಕಳೆದಿರಬೇಕು. ಬುಡದ ಹಳೇ ಗಿಣ್ಣಿನಿಂದ ಒಂದು ಚಿಗುರು ಸುರುಳಿ ಬಿಚ್ಚುತ್ತಿತ್ತು. ಅರ್ಧ ಹಸಿರು, ಅರ್ಧ ಹಾಲಿನ ಬಿಳಿ. ಅದು ನನ್ನ ಕಣ್ಣಿಗೆ ಬೀಳುವುದಕ್ಕೂ ಅವ್ವ ಅದಕ್ಕೆ ಉಗುರು ಹಾಕುವುದಕ್ಕೂ ಸರಿಹೋಯಿತು.

"ಬುಡವ್ವ ಅದನ್ನ! ಮುಟ್ಟಬ್ಯಾಡ!"

ಪಕ್ಕದ ಮನೆಯವರು ಬಾಗಿಲಿಗೆ ಬಂದು ನೋಡುವಷ್ಟು ಜೋರಾಗಿ ಕಿರುಚಿದ್ದೆ. ಗಂಟಲು ಉರಿಯಿತು.

ಅವ್ವ ಕೈ ಹಿಂದಕ್ಕೆ ತೆಗೆದಳು. ಎಲೆ ನೋಡಿದಳು, ನನ್ನ ಮುಖ ನೋಡಿದಳು.

"ಅಂಗಾರೆ, ನಾನು ಕಿತ್ತಾಕಿದ್ವೆಲ್ಲ ಒಳ್ಳೇವೇ ಏನ್ಲಾ?"

"ಇಲ್ಲ ಕಣವ್ವ. ಅವೆಲ್ಲ ರೋಗದವೇ. ಇದೊಂದು ಒಳ್ಳೇದು."

ನಾನು ಹೇಳಿದ್ದು ಸುಳ್ಳು ಅಂತ ಅವಳಿಗೆ ತಿಳಿಯಿತು. ಗೋಡೆಗೆ ಒರಗಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇನ್ನೊಂದ್ ಕಿತ ಬೈಯಪ್ಪ" ಅಂದಳು. "ನಿನ್ ಗಂಟ್ಲು ಕೇಳಿ ಎಷ್ಟು ದಿನ ಆಗಿತ್ತು."