ಭುಜ ತಟ್ಟಿದ ಕೈ

ಇದನ್ನು ಬರೆಯಬೇಕೆಂದು ಹತ್ತು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಒಮ್ಮೆ ಟೊಮೆಟೊ ಕೊಯ್ಲು ಮುಗಿಯಲಿ ಎಂದೆ, ಇನ್ನೊಮ್ಮೆ ಕಣ್ಣಿನ ಆಪರೇಷನ್ ಆಗಲಿ ಎಂದೆ. ಎರಡೂ ಆದವು. ಇನ್ನು ನೆಪ ಉಳಿದಿಲ್ಲ.

ನನ್ನದು ಸುಗಟೂರು. ಎಸ್ಸೆಸ್ಸೆಲ್ಸಿ ಮುಗಿಸಿ ಸೇನೆಯ ಫಿರಂಗಿ ದಳ, ಅಂದರೆ ಆರ್ಟಿಲರಿ ಸೇರಿದೆ. ಮೂವತ್ತು ವರ್ಷದ ಹಿಂದೆ ಈ ಘಟನೆ ನಡೆದಾಗ ನಾನು ಹವಾಲ್ದಾರ್, ಒಂದು ಗನ್ನಿನ ನಂಬರ್ ಒನ್. ಒಂದು ಫಿರಂಗಿಗೂ ಅದರ ಏಳು ಜನಕ್ಕೂ ಹೊಣೆಯಾದವನನ್ನು ಹಾಗೆ ಕರೆಯುತ್ತಾರೆ.

ಪದಾತಿ ದಳಕ್ಕೆ ಧ್ವಜವಿದೆ. ನಮಗೆ ಗನ್ನೇ ಧ್ವಜ. ಪೆರೇಡಿನಲ್ಲಿ ಅದು ಹಾದುಹೋಗುವಾಗ ಎಂಥ ಅಧಿಕಾರಿಯೂ ಎದ್ದು ಸೆಲ್ಯೂಟ್ ಮಾಡಬೇಕು. ಅದಕ್ಕೆ ಒರಗಿ ನಿಲ್ಲುವಂತಿಲ್ಲ, ಅದರ ಮೇಲೆ ಬಟ್ಟೆ ಒಣಗಿಸುವಂತಿಲ್ಲ. ಹಿಂದಿನವರು ಗನ್ನನ್ನು ಬಿಚ್ಚಿ ಹೇಸರಗತ್ತೆಗಳ ಮೇಲೆ ಹೇರಿ, ಬೆಟ್ಟದ ತುದಿಯಲ್ಲಿ ಮತ್ತೆ ಜೋಡಿಸಿ ಹಾರಿಸಿದವರು. ಈ ಮಾತು ಹೇಳುವಾಗ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ.

ನಮ್ಮ ಲೇಯರ್, ಅಂದರೆ ಗುರಿ ಕೂಡಿಸುವವನು, ಮುಳಬಾಗಿಲು ಕಡೆಯವನು. ಅವನ ಹೆಸರು ಕೊನೆಗೆ ಬರೆಯುತ್ತೇನೆ. ಗನ್ನನ್ನು ಒರೆಸುತ್ತಲೇ ಇರುತ್ತಿದ್ದ.

"ಲೇ, ಅಷ್ಟು ಎಣ್ಣೆ ನಿನ್ನ ತಲೆಗೆ ಹಾಕ್ಕೊಂಡಿದ್ರೆ ನಿಮ್ಮಮ್ಮ ಸಂತೋಷಪಡ್ತಿದ್ಲು ಕಣೋ," ಎಂದಿದ್ದೆ ಒಮ್ಮೆ.

"ತಲೆಗೇನಣ್ಣಾ, ಬೋಳಾದ್ರೂ ನಡೀತದೆ. ಇದು ತುಕ್ಕು ಹಿಡೀಬಾರದು."

ಲೇಯರ್ ಸೈಟ್‌ನಲ್ಲಿ, ಅಂದರೆ ಗನ್ನಿನ ಗುರಿ ನೋಡುವ ಸಾಧನದಲ್ಲಿ, ಕೋನ ಕೂಡಿಸಿದ ಮೇಲೆ ನಂಬರ್ ಒನ್ ಬಗ್ಗಿ ತನ್ನ ಕಣ್ಣಿಂದಲೇ ನೋಡಬೇಕು. ಸರಿಯಿದ್ದರೆ ಲೇಯರನ ಭುಜ ತಟ್ಟಬೇಕು. ತಟ್ಟಿದ ಮೇಲೆ ಲೇಯರ್ ಸೈಟ್ ಮುಟ್ಟುವಂತಿಲ್ಲ. ಮುಟ್ಟಿದನೆಂದರೆ ಅವನನ್ನು ಮತ್ತೆ ಯಾವ ಗನ್ನಿನ ಹತ್ತಿರವೂ ಸೇರಿಸುವುದಿಲ್ಲ. ಇದು ನಮ್ಮ ರೆಜಿಮೆಂಟಿನ ಪದ್ಧತಿ.

ಆ ಚಳಿಗಾಲ ರಾಜಸ್ಥಾನದ ಮರಳಲ್ಲಿ ಫೈರಿಂಗ್ ಅಭ್ಯಾಸ. ನೋಡಲು ಬ್ರಿಗೇಡಿಯರ್ ಬಂದಿದ್ದರು. ನಮ್ಮ ಗನ್ನಿನ ಮುಂದೆ ನಿಂತು, "ಇದರ ಚರಿತ್ರೆ ಗೊತ್ತಾ?" ಎಂದು ಕೇಳಿದರು. ನನಗೆ ಅಷ್ಟೇ ಸಾಕಾಯಿತು. ಹೇಸರಗತ್ತೆಗಳ ಕಥೆ ಶುರು ಮಾಡಿದೆ. ಅಷ್ಟರಲ್ಲಿ ಫೈರಿಂಗ್ ಆದೇಶ ಬಂತು. ಲೇಯರ್ ಕೋನ ಕೂಡಿಸಿ "ಸೆಟ್" ಎಂದ. ನಾನು ಬ್ರಿಗೇಡಿಯರ್ ಮುಖದಿಂದ ಕಣ್ಣು ತೆಗೆಯದೆ, ಬಗ್ಗದೆ, ಹಿಂದಿನಿಂದಲೇ ಅವನ ಭುಜ ತಟ್ಟಿದೆ. ಅವನು ಒಂದು ಗಳಿಗೆ ತಿರುಗಿ ನೋಡಿದ. ಆಮೇಲೆ "ರೆಡಿ" ಎಂದ.

ಕೋನವನ್ನು ನಾವು ಮಿಲ್‌ನಲ್ಲಿ ಅಳೆಯುತ್ತೇವೆ. ಒಂದು ಪೂರ್ತಿ ಸುತ್ತಿಗೆ 6,400 ಮಿಲ್. ಅಂದು ಸೈಟ್‌ನಲ್ಲಿ ನೂರು ಮಿಲ್ ಹೆಚ್ಚಿತ್ತು. ಓದುವಾಗ ಯಾರಿಗಾದರೂ ಆಗುವ ತಪ್ಪು. ಅದಕ್ಕೇ ಎರಡನೇ ಕಣ್ಣು ಬೇಕು. ಎಂಟು ಕಿಲೋಮೀಟರ್ ಆಚೆ ಶೆಲ್ ಗುರಿಯಿಂದ ಸುಮಾರು ಎಂಟುನೂರು ಮೀಟರ್ ಪಕ್ಕಕ್ಕೆ ಬಿತ್ತು. ಬರೀ ಮರಳು, ಯಾರಿಗೂ ಏನೂ ಆಗಲಿಲ್ಲ.

ಬ್ರಿಗೇಡಿಯರ್ ಅಷ್ಟರಲ್ಲಿ ಮುಂದಿನ ಗನ್ನಿನ ಕಡೆ ಹೋಗಿದ್ದರು. ನಮ್ಮ ತುಕಡಿಯ ಮೇಜರ್ ಬಂದು ನನ್ನನ್ನು ಕೇಳಿದರು: "ಸೈಟ್ ನೋಡಿದ್ಯಾ?"

"ನೋಡಿದ್ದೆ ಸಾಬ್. ಸರಿಯಾಗಿತ್ತು."

ಅಂದರೆ ತಪ್ಪು ಆಮೇಲೆ ಆಗಿದ್ದು, ಲೇಯರ್ ಮುಟ್ಟಿದ್ದು ಎಂದಾಯಿತು. ಮೇಜರ್ ಅವನ ಕಡೆ ತಿರುಗಿದರು. ಹೊರಗಿನವರ ಮುಂದೆ ನಂಬರ್ ಒನ್ ಮಾತಿಗೆ ಗನ್ನಿನವರು ಎದುರು ಹೇಳುವುದಿಲ್ಲ. ಅದೂ ನಮ್ಮ ಪದ್ಧತಿಯೇ. ನಾನು ಹೆಮ್ಮೆಯಿಂದ ಅವನಿಗೆ ಕಲಿಸಿದ್ದು.

"ಮುಟ್ಟಿರಬೌದು ಸಾಬ್," ಎಂದ.

ಮುಂದಿನ ತಿಂಗಳು ಅವನ ತೋಳಿಗೆ ಲಾನ್ಸ್ ನಾಯಕ್ ಪಟ್ಟಿ ಬರುವುದಿತ್ತು. ಬರಲಿಲ್ಲ. ಗನ್ನಿನಿಂದ ತೆಗೆದು ಸ್ಟೋರಿಗೆ ಹಾಕಿದರು. ಮೆಸ್‌ನಲ್ಲಿ ಅವನು ತಟ್ಟೆ ತೆಗೆದುಕೊಳ್ಳುವಾಗ ಯಾರಾದರೂ "ಏನ್ಲಾ, ಮುಟ್ಬಿಟ್ಟೆಯಾ?" ಎನ್ನುವರು. ಎಲ್ಲರೂ ನಗುವರು. ಅವನು ಬಡ್ತಿಯಿಲ್ಲದೆ ಬರೀ ಗನ್ನರ್ ಆಗಿಯೇ ಊರಿಗೆ ಹೋದ. ನಾನು ನಾಯಬ್ ಸುಬೇದಾರ್ ಆಗಿ ನಿವೃತ್ತನಾದೆ.

ಈ ವರ್ಷ ಕೋಲಾರದಲ್ಲಿ ಮಾಜಿ ಸೈನಿಕರೆಲ್ಲ ಸೇರಿದ್ದೆವು. ಫಿರಂಗಿ ದಳದ ಚರಿತ್ರೆ ಹೇಳಲು ನನ್ನನ್ನೇ ಕರೆದರು. ಮತ್ತೆ ಹೇಸರಗತ್ತೆಗಳ ಕಥೆ ಹೇಳಿದೆ. ಮೂರನೇ ಸಾಲಿನಲ್ಲಿ ಅವನು ಕೂತಿದ್ದ, ನಿಜವಾಗಿಯೂ ಬೋಳಾಗಿ, ಇಸ್ತ್ರಿ ಮಾಡಿದ ಕೋಟಿನ ಮೇಲೆ ಮೆಡಲ್ ಹಾಕಿಕೊಂಡು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಆಮೇಲೆ ಪಕ್ಕದವರಿಗೆ, "ನಮ್ಮ ನಂಬರ್ ಒನ್ ಇವರೇ," ಎಂದು ತೋರಿಸುತ್ತಿದ್ದ.

ಫೋಟೋಗೆ ನಿಂತಾಗ ನಾನು ಅವನ ಭುಜದ ಮೇಲೆ ಕೈ ಇಟ್ಟೆ. ಅವನು ಕ್ಯಾಮೆರಾ ಕಡೆಗೇ ನೋಡುತ್ತಾ ಮೆಲ್ಲಗೆ ಕೇಳಿದ: "ಈ ಸಲ ನೋಡಿ ತಟ್ತಿದ್ದೀರಾ ಅಣ್ಣಾ, ಇಲ್ಲ ಹಂಗೇನಾ?"

ಫೋಟೋದಲ್ಲಿ ನಾನು ನಗುತ್ತಿದ್ದೇನೆ.

ನನ್ನ ದಳದ ಬಗ್ಗೆ ನನಗಿರುವ ಹೆಮ್ಮೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಆದರೆ ಆ ದಳದ ಪದ್ಧತಿಯನ್ನು ಅಂದು ಉಳಿಸಿಕೊಂಡವನು ನಾನಲ್ಲ. ಬಗ್ಗಿ ನೋಡದೆ ಯಾರ ಭುಜವನ್ನೂ ತಟ್ಟಬಾರದು ಎಂಬುದು ಆ ಕೆಲಸ ನನಗೆ ಕಲಿಸಿದ ಪಾಠ. ಅಂದು ಸೈಟ್ ನೋಡದವನು ನಾನು. ಸೈಟ್ ಮುಟ್ಟದವನು ಮುಳಬಾಗಿಲು ತಾಲ್ಲೂಕಿನ ಗನ್ನರ್ ವೆಂಕಟರವಣಪ್ಪ.